ಮತಪತ್ರದಲ್ಲಿ ಇಲ್ಲದ ಆಯ್ಕೆ: ಸ್ಕಾಟ್ಲೆಂಡಿನ 2014ರ ವಾಗ್ದಾನ ಮತ್ತು ಒಬ್ಬ ಮತದಾರರ ಪ್ರಕರಣ

ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂಬ ಪ್ರಶ್ನೆಗೆ ಅಲ್ಲಿನ ಜನರು 2014ರ ಸೆಪ್ಟೆಂಬರ್ 18ರಂದು ಮತ ಹಾಕಿದರು. ‘ಬೇಡ’ ಎಂದವರು 20,01,926 ಮಂದಿ, ‘ಬೇಕು’ ಎಂದವರು 16,17,989 ಮಂದಿ. ಶೇಕಡ 84.6ರಷ್ಟು ಮತದಾನವಾಗಿತ್ತು, ಸುಮಾರು 3.84 ಲಕ್ಷ ಮತಗಳ ಅಂತರವಿತ್ತು, ಪ್ರಶ್ನೆಯಲ್ಲಿಯೂ ಎಣಿಕೆಯಲ್ಲಿಯೂ ಗೊಂದಲವಿರಲಿಲ್ಲ. ಆದರೂ ಎಂಟು ತಿಂಗಳು ತುಂಬುವುದರೊಳಗೆ ನಡೆದ ಬ್ರಿಟನ್ನಿನ ಮಹಾಚುನಾವಣೆಯಲ್ಲಿ, ಸ್ವಾತಂತ್ರ್ಯ ಬೇಕೆಂದು ಹೇಳಿ ಜನಮತಗಣನೆಯಲ್ಲಿ ಸೋತಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯೇ (ಎಸ್‌ಎನ್‌ಪಿ) ಸ್ಕಾಟ್ಲೆಂಡಿನ 59 ಸ್ಥಾನಗಳಲ್ಲಿ 56ನ್ನು ಗೆದ್ದಿತು. ಗೆದ್ದ ಪಾಳೆಯದ ಮುಂಚೂಣಿಯಲ್ಲಿದ್ದ ಲೇಬರ್ ಪಕ್ಷ 41 ಸ್ಥಾನಗಳಿಂದ ಒಂದಕ್ಕೆ ಕುಸಿಯಿತು.

ಬ್ರಿಟನ್ನಿನಲ್ಲೇ ಉಳಿದರೆ ಸ್ಕಾಟ್ಲೆಂಡಿಗೆ ಹೆಚ್ಚಿನ ಅಧಿಕಾರ ಕೊಡುತ್ತೇವೆ ಎಂದು ಮತದಾನಕ್ಕೆ ಎರಡು ದಿನ ಮುಂಚೆ ಕೊಟ್ಟ ವಾಗ್ದಾನವನ್ನು ಲಂಡನ್ನಿನ ನಾಯಕರು ಮುರಿದರು, ಆದ್ದರಿಂದ ಜನ ಸಿಟ್ಟಾದರು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಈ ಮಾತು ಅರ್ಧ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ. ಹೇಳಿದ್ದರಲ್ಲಿ ಹೆಚ್ಚಿನದು ಹೇಳಿದ ದಿನಾಂಕಕ್ಕೇ ಈಡೇರಿತು. ಹಾಗಿದ್ದರೂ ನಂಬಿಕೆ ಏಕೆ ಉಳಿಯಲಿಲ್ಲ ಎಂಬುದನ್ನು ಒಬ್ಬ ಮತದಾರರ ನಿರ್ಧಾರಗಳ ಮೂಲಕ ನೋಡುವುದು ಈ ಬರಹದ ಉದ್ದೇಶ.

ಅವರು ಮಲೆನಾಡಿನ ಕಡೆಯಿಂದ ಹೋಗಿ ಗ್ಲಾಸ್ಗೊ ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದ ಕನ್ನಡತಿ. ಪತಿಗೆ ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಭಾರತದ ಪೌರತ್ವವನ್ನೇ ಉಳಿಸಿಕೊಂಡಿದ್ದವರು ಮತ ಹಾಕಿದ್ದು ಹೇಗೆ ಎಂದು ಓದುಗರಿಗೆ ಅನಿಸಬಹುದು. ಸ್ಕಾಟ್ಲೆಂಡಿನಲ್ಲಿ ಕಾನೂನುಬದ್ಧವಾಗಿ ವಾಸವಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಈ ಜನಮತಗಣನೆಯಲ್ಲಿ ಮತದ ಹಕ್ಕಿತ್ತು. ಅಲ್ಲಿ ಹುಟ್ಟಿ ಬೆಳೆದು ಲಂಡನ್ನಿಗೆ ಹೋಗಿ ನೆಲೆಸಿದ ಸ್ಕಾಟ್ ಒಬ್ಬರಿಗೆ ಇಲ್ಲದ ಹಕ್ಕು, ಗ್ಲಾಸ್ಗೊದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಕನ್ನಡಿಗರಿಗೆ ಇತ್ತು. ಮತ ಹಾಕಬೇಕಾದವರು ಯಾರು ಎಂಬುದನ್ನು ನಿರ್ಧರಿಸಿದ್ದು ಹುಟ್ಟಿದ ಊರಲ್ಲ, ವಾಸ ಮಾಡುವ ಊರು.

ಹಿನ್ನೆಲೆ

ಸ್ಕಾಟ್ಲೆಂಡಿನ ಸಂಸತ್ತು ಎಡಿನ್‌ಬರೊದಲ್ಲಿ ಕೆಲಸ ಆರಂಭಿಸಿದ್ದು 1999ರಲ್ಲಿ. ಆರೋಗ್ಯ, ಶಿಕ್ಷಣ, ಪೊಲೀಸ್ ಮುಂತಾದವು ಅದರ ಪಾಲಿಗೆ ಬಂದವು. ರಕ್ಷಣೆ, ವಿದೇಶಾಂಗ, ಪಿಂಚಣಿ ಮತ್ತು ತೆರಿಗೆಯ ಬಹುಪಾಲು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತಿನಲ್ಲಿ ಉಳಿದವು. ನಮ್ಮಲ್ಲಿ ರಾಜ್ಯಗಳ ಅಧಿಕಾರವನ್ನು ಸಂವಿಧಾನದ ಏಳನೆಯ ಅನುಸೂಚಿ ಗುರುತಿಸಿಕೊಟ್ಟಿದೆ. ಬ್ರಿಟನ್ನಿಗೆ ಅಂಥ ಒಂದು ಲಿಖಿತ ಸಂವಿಧಾನವಿಲ್ಲ. ಎಡಿನ್‌ಬರೊದ ಸಂಸತ್ತು ವೆಸ್ಟ್‌ಮಿನ್‌ಸ್ಟರ್ ಮಾಡಿದ ಒಂದು ಕಾಯ್ದೆಯ ಕೂಸು, ಮತ್ತು ಕಾಯ್ದೆ ಮಾಡಿದ ಸಂಸತ್ತಿಗೆ ಅದನ್ನು ರದ್ದುಮಾಡುವ ಅಧಿಕಾರವೂ ತತ್ವತಃ ಇದ್ದೇ ಇದೆ. ಮುಂದೆ ಬರುವ ‘ಶಾಶ್ವತ’ ಎಂಬ ಪದದ ತೂಕ ತಿಳಿಯಬೇಕಾದರೆ ಇದು ನೆನಪಿರಬೇಕು.

2011ರ ಸ್ಕಾಟಿಷ್ ಚುನಾವಣೆಯಲ್ಲಿ ಎಸ್‌ಎನ್‌ಪಿ 129ರಲ್ಲಿ 69 ಸ್ಥಾನ ಗೆದ್ದು ಬಹುಮತ ಪಡೆಯಿತು. ಜನಮತಗಣನೆ ನಡೆಸುವ ಒಪ್ಪಂದಕ್ಕೆ ಪ್ರಧಾನಿ ಡೇವಿಡ್ ಕ್ಯಾಮರೂನ್ ಮತ್ತು ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್ (ಅಲ್ಲಿನ ಸರ್ಕಾರದ ಮುಖ್ಯಸ್ಥ), ಎಸ್‌ಎನ್‌ಪಿಯ ಅಲೆಕ್ಸ್ ಸ್ಯಾಮಂಡ್ ಎಡಿನ್‌ಬರೊದಲ್ಲಿ 2012ರ ಅಕ್ಟೋಬರ್ 15ರಂದು ಸಹಿ ಹಾಕಿದರು. ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಸ್ವಾತಂತ್ರ್ಯವೂ ಬೇಡ, ಈಗಿರುವುದೂ ಸಾಲದು, ಬ್ರಿಟನ್ನಿನ ಒಳಗೇ ಇದ್ದುಕೊಂಡು ಹೆಚ್ಚಿನ ಅಧಿಕಾರ ಬೇಕು ಎನ್ನುವ ಮೂರನೆಯ ದಾರಿಗೆ ಅಲ್ಲಿ ದೊಡ್ಡ ಬೆಂಬಲವಿತ್ತು. ಅದನ್ನೂ ಮತಪತ್ರದಲ್ಲಿ ಸೇರಿಸಲು ಸ್ಯಾಮಂಡ್ ಸಿದ್ಧರಿದ್ದರು. ಕ್ಯಾಮರೂನ್ ಒಪ್ಪಲಿಲ್ಲ, ಒಂದೇ ಪ್ರಶ್ನೆ, ಹೌದು ಅಥವಾ ಇಲ್ಲ ಎಂದು ಪಟ್ಟು ಹಿಡಿದರು. ಅದಕ್ಕೆ ಪ್ರತಿಯಾಗಿ ದಿನಾಂಕ ಗೊತ್ತುಮಾಡುವ, ಪ್ರಶ್ನೆಯ ಮಾತುಗಳನ್ನು ರೂಪಿಸುವ ಮತ್ತು 16 ವರ್ಷ ತುಂಬಿದವರಿಗೂ ಮತದ ಹಕ್ಕು ಕೊಡುವ ಅವಕಾಶವನ್ನು ಎಸ್‌ಎನ್‌ಪಿ ಸರ್ಕಾರ ಪಡೆಯಿತು. ಎರಡೇ ಆಯ್ಕೆ ಇದ್ದರೆ ಸ್ವಾತಂತ್ರ್ಯ ಸುಲಭವಾಗಿ ಸೋಲುತ್ತದೆ, ವಿಷಯ ಒಂದು ತಲೆಮಾರಿನ ಮಟ್ಟಿಗೆ ಮುಗಿಯುತ್ತದೆ ಎಂಬ ಲೆಕ್ಕಾಚಾರ ಲಂಡನ್ನಿನದಾಗಿತ್ತು. ಆಗಿನ ಸಮೀಕ್ಷೆಗಳನ್ನು ನೋಡಿದರೆ ಆ ಲೆಕ್ಕಾಚಾರ ಅವಿವೇಕದ್ದೇನೂ ಆಗಿರಲಿಲ್ಲ.

ನಮ್ಮ ಮತದಾರರು ಆ ಮೂರನೆಯ ದಾರಿಯವರೇ ಆಗಿದ್ದರು. ಆಸ್ಪತ್ರೆಯ ಹಣಕಾಸು ತಾವಿರುವ ನಾಡಿನಲ್ಲೇ ತೀರ್ಮಾನವಾಗಬೇಕು ಎಂಬುದು ಅವರ ಮುಖ್ಯ ಆಸೆಯಾಗಿತ್ತು. ಪತಿಯ ಚಿಂತೆ ಬೇರೆ. 2014ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಎಡಿನ್‌ಬರೊಕ್ಕೆ ಬಂದು, ಸ್ವತಂತ್ರ ಸ್ಕಾಟ್ಲೆಂಡಿನೊಂದಿಗೆ ಪೌಂಡನ್ನು ಹಂಚಿಕೊಳ್ಳುವ ಒಪ್ಪಂದವಿಲ್ಲ ಎಂದು ಹೇಳಿದ ಮೇಲೆ, ಮನೆಸಾಲ ಯಾವ ನಾಣ್ಯದಲ್ಲಿ ತೀರಿಸಬೇಕು, ಪಿಂಚಣಿ ಯಾವುದರಲ್ಲಿ ಬರುತ್ತದೆ ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು. ಒಂದೇ ಮನೆಯಲ್ಲಿ ಎರಡು ಆತಂಕಗಳಿದ್ದವು, ಮತಪತ್ರದಲ್ಲಿ ಎರಡು ಉತ್ತರಗಳಿದ್ದವು, ಆದರೆ ಹೆಂಡತಿಗೆ ಬೇಕಿದ್ದ ಉತ್ತರ ಮಾತ್ರ ಅದರಲ್ಲಿರಲಿಲ್ಲ.

ಕೊನೆಯ ಹತ್ತು ದಿನ

ಸೆಪ್ಟೆಂಬರ್ 7ರ ಭಾನುವಾರ ಪ್ರಕಟವಾದ ಯೂಗವ್ ಸಂಸ್ಥೆಯ ಸಮೀಕ್ಷೆಯಲ್ಲಿ, ನಿರ್ಧರಿಸದವರನ್ನು ಬಿಟ್ಟು ಲೆಕ್ಕ ಹಾಕಿದಾಗ, ‘ಬೇಕು’ ಎನ್ನುವವರು ಶೇಕಡ 51 ಇದ್ದರು. ಲಂಡನ್ ಗಾಬರಿಯಾಯಿತು. ಮರುದಿನವೇ ಮಾಜಿ ಪ್ರಧಾನಿ, ಲೇಬರ್ ಪಕ್ಷದ ಗಾರ್ಡನ್ ಬ್ರೌನ್ ಎಡಿನ್‌ಬರೊ ಸಮೀಪದ ಲೋನ್‌ಹೆಡ್ ಎಂಬ ಊರಿನಲ್ಲಿ ಗಣಿ ಕಾರ್ಮಿಕರ ಸಭಾಂಗಣದಲ್ಲಿ ಮಾತಾಡುತ್ತ ಒಂದು ವೇಳಾಪಟ್ಟಿ ಮುಂದಿಟ್ಟರು. ಮತದಾನದ ಮರುದಿನ ಕೆಲಸ ಶುರು, ನವೆಂಬರ್ ಕೊನೆಯ ಹೊತ್ತಿಗೆ ಪ್ರಸ್ತಾವ ಸಿದ್ಧ, ಕವಿ ರಾಬರ್ಟ್ ಬರ್ನ್ಸ್ ಅವರ ಜನ್ಮದಿನವಾದ ಜನವರಿ 25ರೊಳಗೆ ಮಸೂದೆಯ ಕರಡು. ‘ಬೇಡ’ ಪಾಳೆಯದ ಕನ್ಸರ್ವೇಟಿವ್, ಲೇಬರ್, ಲಿಬರಲ್ ಡೆಮಾಕ್ರಾಟ್ ಮೂರೂ ಪಕ್ಷಗಳು ಇದನ್ನು ಒಪ್ಪಿದವು. ಸೆಪ್ಟೆಂಬರ್ 10ರಂದು ಕ್ಯಾಮರೂನ್, ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಮತ್ತು ಲಿಬರಲ್ ಡೆಮಾಕ್ರಾಟ್ ನಾಯಕ ನಿಕ್ ಕ್ಲೆಗ್ ಮೂವರೂ ಸಂಸತ್ತಿನ ಪ್ರಶ್ನೋತ್ತರ ಬಿಟ್ಟು ಸ್ಕಾಟ್ಲೆಂಡಿಗೆ ಧಾವಿಸಿದರು.

ಸೆಪ್ಟೆಂಬರ್ 16ರ ಮಂಗಳವಾರ ‘ಡೈಲಿ ರೆಕಾರ್ಡ್’ ಪತ್ರಿಕೆಯ ಮುಖಪುಟದಲ್ಲಿ ಹಳೆಯ ಚರ್ಮಪತ್ರದ ವಿನ್ಯಾಸದಲ್ಲಿ, ಮೂವರ ಸಹಿಗಳೊಂದಿಗೆ, ‘ವಾಗ್ದಾನ’ ಎಂಬ ತಲೆಬರಹದ ಹೇಳಿಕೆ ಅಚ್ಚಾಯಿತು. ಸ್ಕಾಟಿಷ್ ಸಂಸತ್ತು ಶಾಶ್ವತವಾಗಿರುತ್ತದೆ. ಅದಕ್ಕೆ ವ್ಯಾಪಕವಾದ ಹೊಸ ಅಧಿಕಾರಗಳು ಬರುತ್ತವೆ, ಆ ಕೆಲಸ ಸೆಪ್ಟೆಂಬರ್ 19ರಂದೇ ಶುರುವಾಗುತ್ತದೆ. ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಬರುವ ಹಣವನ್ನು ಲೆಕ್ಕ ಹಾಕುವ ಬಾರ್ನೆಟ್ ಸೂತ್ರ ಮುಂದುವರಿಯುತ್ತದೆ. ಆರೋಗ್ಯ ಸೇವೆಗೆ ಎಷ್ಟು ಖರ್ಚು ಮಾಡಬೇಕೆಂಬ ಕೊನೆಯ ಮಾತು ಸ್ಕಾಟಿಷ್ ಸಂಸತ್ತಿನದೇ ಎಂಬುದು ಅದರ ಸಾರ.

ಈ ಹಾಳೆಯನ್ನು ನಮ್ಮ ಮತದಾರರು ನೋಡಿದ್ದು ಆಸ್ಪತ್ರೆಯ ಒಳಗಿದ್ದ ಅಂಗಡಿಯ ಕಟ್ಟೆಯ ಮೇಲೆ. ಒಂದು ಪ್ರತಿ ಕೊಂಡು ಮನೆಗೆ ತಂದರು. ರಾತ್ರಿ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಇಬ್ಬರೂ ಓದಿದರು.

“ನೋಡು, ಮೂರು ಪಾರ್ಟಿಯವರೂ ಸಹಿ ಹಾಕಿದ್ದಾರೆ. ಇದಕ್ಕಿಂತ ಇನ್ನೇನು ಬೇಕು?” ಎಂದರು ಪತಿ.

“ಸಹಿ ಏನೋ ಹಾಕಿದ್ದಾರೆ ಕಣ್ರೀ. ಆದ್ರೆ ಯಾವ ಅಧಿಕಾರ, ಎಷ್ಟು ಅಧಿಕಾರ ಅಂತ ಎಲ್ಲೂ ಬರ್ದಿಲ್ವಲ್ಲ. ಆಸ್ಪತ್ರೆ ಖರ್ಚಿನ ವಿಷಯ ಈಗಲೂ ಇಲ್ಲೇ ತಾನೇ ತೀರ್ಮಾನ ಆಗೋದು?”

“ತಾರೀಕು ಕೊಟ್ಟಿದ್ದಾರಲ್ಲ. ಮಾಡದೆ ಇರೋರು ತಾರೀಕು ಯಾಕೆ ಕೊಡ್ತಾರೆ?”

ಪತ್ನಿಯ ಮೊದಲ ಓದು ಸರಿಯಾಗಿಯೇ ಇತ್ತು. ಆರೋಗ್ಯ ಇಲಾಖೆ 1999ರಿಂದಲೂ ಎಡಿನ್‌ಬರೊದ ಕೈಯಲ್ಲಿತ್ತು. ಆ ಸಾಲಿನಲ್ಲಿ ಹೊಸದಾಗಿ ಕೊಟ್ಟದ್ದು ಏನೂ ಇರಲಿಲ್ಲ. ‘ವ್ಯಾಪಕ ಅಧಿಕಾರ’ ಎಂಬಲ್ಲಿ ವಿವರ ಇಲ್ಲದಿರುವುದಕ್ಕೂ ಕಾರಣವಿತ್ತು. ಮೂರು ಪಕ್ಷಗಳ ಪ್ರಸ್ತಾವಗಳು ಮೂರು ಬಗೆಯಾಗಿದ್ದವು. ಆದಾಯ ತೆರಿಗೆಯ ದರಗಳನ್ನು ಪೂರ್ತಿ ಬಿಟ್ಟುಕೊಡಲು ಕನ್ಸರ್ವೇಟಿವ್ ಪಕ್ಷ ಆ ಬೇಸಿಗೆಯಲ್ಲೇ ಸಿದ್ಧವಾಗಿತ್ತು, ಲೇಬರ್ ಭಾಗಶಃ ಮಾತ್ರ ಎನ್ನುತ್ತಿತ್ತು. ಅವರು ಒಪ್ಪಬಹುದಾಗಿದ್ದದ್ದು ದಿನಾಂಕಗಳನ್ನು ಮಾತ್ರ, ಆದ್ದರಿಂದ ದಿನಾಂಕಗಳು ಖಚಿತವಾಗಿ ಬಂದವು, ಒಳಗಿನ ವಸ್ತು ಖಾಲಿಯಾಗಿ ಉಳಿಯಿತು. ಖಚಿತ ದಿನಾಂಕವೊಂದು ಕಣ್ಣಿಗೆ ಬಿದ್ದಾಗ ಅದರ ಹಿಂದೆ ಖಚಿತವಾದ ವಸ್ತುವೂ ಇರಬೇಕು ಎಂದು ಮನಸ್ಸು ತಾನೇ ಊಹಿಸಿಕೊಳ್ಳುತ್ತದೆ. ಪತಿಯ ಪ್ರಶ್ನೆಯ ಬಲ ಇದ್ದದ್ದು ಅಲ್ಲಿಯೇ.

ಇದರ ಜೊತೆಗೆ ಅಚ್ಚಿನ ಮಾತಿಗಿಂತ ದೊಡ್ಡದಾದ ಬಾಯಿಮಾತು ಊರೆಲ್ಲ ಓಡಾಡುತ್ತಿತ್ತು. ಒಕ್ಕೂಟ ವ್ಯವಸ್ಥೆಗೆ ಸಾಧ್ಯವಾದಷ್ಟು ಹತ್ತಿರದ ಬದಲಾವಣೆ ಒಂದೆರಡು ವರ್ಷದಲ್ಲಿ ಬರುತ್ತದೆ ಎಂಬರ್ಥದ ಮಾತನ್ನು ಬ್ರೌನ್ ಆಗಸ್ಟ್‌ನಲ್ಲಿಯೇ ಆಡಿದ್ದರು. ಅವರ ಸಭೆಗಳಿಗೆ ಬಂದವರು ಮನೆಗೆ ಕೊಂಡೊಯ್ದದ್ದು ಈ ಭರವಸೆಯನ್ನು, ಚರ್ಮಪತ್ರದ ಸಾಲುಗಳನ್ನಲ್ಲ.

ಗುರುವಾರ ನಮ್ಮ ಮತದಾರರು ‘ಬೇಡ’ ಎಂಬುದಕ್ಕೆ ಗುರುತು ಹಾಕಿದರು. 2012ರಲ್ಲಿ ಮತಪತ್ರದಿಂದ ಹೊರಗಿಟ್ಟಿದ್ದ ಆಯ್ಕೆ ಕೊನೆಗೂ ತಮಗೆ ಸಿಕ್ಕಿತು ಎಂಬ ನಂಬಿಕೆಯಿಂದ ಹಾಕಿದ ಮತ ಅದು. ಆದರೆ ಆ ಆಯ್ಕೆ ಎಲ್ಲರಿಗೂ ಒಂದೇ ರೀತಿ ಸಿಕ್ಕಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಂಚೆಯ ಮೂಲಕ ಮತ ಹಾಕುವ ಲಕ್ಷಾಂತರ ಮಂದಿಯಲ್ಲಿ ಅನೇಕರು ಆ ಮುಖಪುಟ ಬರುವ ಮೊದಲೇ ತಮ್ಮ ಮತ ಕಳಿಸಿಯಾಗಿತ್ತು. ಮತದಾನದ ಮೊದಲಿನ 28 ದಿನ ಸರ್ಕಾರಗಳು ಹೊಸ ಘೋಷಣೆ ಮಾಡಕೂಡದೆಂಬ ನಿಯಮವೂ ಇತ್ತು. ಪಕ್ಷದ ನಾಯಕರಾಗಿ ಸಹಿ ಹಾಕಿದ್ದೇವೆ, ಸರ್ಕಾರದ ಪರವಾಗಿ ಅಲ್ಲ ಎಂಬ ಸಮರ್ಥನೆ ಬಂದರೂ, ಸಹಿ ಹಾಕಿದವರಲ್ಲಿ ಒಬ್ಬರು ಪ್ರಧಾನಿ, ಇನ್ನೊಬ್ಬರು ಉಪಪ್ರಧಾನಿ ಎಂಬುದನ್ನು ಓದುಗ ಮರೆಯುವುದು ಹೇಗೆ?

ಸೆಪ್ಟೆಂಬರ್ 19ರ ಬೆಳಗ್ಗೆ

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣ ತಿರುಗಿದ್ದು ಬೆಳಗಿನ ಏಳು ಗಂಟೆಯ ಒಂದು ಭಾಷಣದಲ್ಲಿ. ಎಣಿಕೆ ಮುಗಿದು ಫಲಿತಾಂಶ ಸ್ಪಷ್ಟವಾಗುತ್ತಿದ್ದಂತೆ ಕ್ಯಾಮರೂನ್ ಡೌನಿಂಗ್ ಸ್ಟ್ರೀಟಿನ ತಮ್ಮ ನಿವಾಸದ ಎದುರು ನಿಂತು ಮಾತಾಡಿದರು. ಕೊಟ್ಟ ಮಾತು ನಡೆಸುತ್ತೇವೆ, ಲಾರ್ಡ್ ಸ್ಮಿತ್ ಆಫ್ ಕೆಲ್ವಿನ್ ಅವರ ನೇತೃತ್ವದಲ್ಲಿ ಸಮಿತಿ ಕೆಲಸ ಮಾಡುತ್ತದೆ ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಅದೇ ಉಸಿರಿನಲ್ಲಿ, ಇಂಗ್ಲೆಂಡಿನ ಕಾನೂನುಗಳಿಗೆ ಇಂಗ್ಲೆಂಡಿನ ಸದಸ್ಯರದೇ ಮತ ಎಂಬ ಬೇಡಿಕೆಯನ್ನೂ ಎತ್ತಿ, ಎರಡೂ ಕೆಲಸಗಳು ಜೊತೆಜೊತೆಯಾಗಿ, ಒಂದೇ ವೇಗದಲ್ಲಿ ಸಾಗಬೇಕು ಎಂದು ಘೋಷಿಸಿದರು.

ಆ ಬೇಡಿಕೆಗೆ ಹಳೆಯ ಆಧಾರವಿತ್ತು. ಸ್ಕಾಟ್ಲೆಂಡಿನಿಂದ ಆಯ್ಕೆಯಾದ ಸಂಸದರು ಇಂಗ್ಲೆಂಡಿನ ಶಾಲೆ, ಆಸ್ಪತ್ರೆಗಳ ಬಗ್ಗೆ ಮತ ಹಾಕಬಹುದು, ಇಂಗ್ಲೆಂಡಿನ ಸಂಸದರು ಸ್ಕಾಟ್ಲೆಂಡಿನ ಶಾಲೆಗಳ ಬಗ್ಗೆ ಹಾಕುವಂತಿಲ್ಲ, ಇದು ನ್ಯಾಯವೇ ಎಂದು ವೆಸ್ಟ್ ಲೋಥಿಯನ್ ಕ್ಷೇತ್ರದ ಲೇಬರ್ ಸಂಸದ ಟ್ಯಾಮ್ ಡಾಲ್ಯಲ್ 1977ರಲ್ಲಿಯೇ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೂರು ದಿನ ಮೊದಲಿನ ಮುಖಪುಟದಲ್ಲಿ ಅದರ ಸುಳಿವೂ ಇರಲಿಲ್ಲ. ಮತ ಪಡೆಯುವ ತನಕ ಸ್ಕಾಟ್ಲೆಂಡಿಗೆ ಕೊಡುವ ಮಾತಾಗಿದ್ದದ್ದು, ಮತ ಪಡೆದ ಮೇಲೆ ಇಂಗ್ಲೆಂಡಿನ ಮತದಾರರನ್ನು ಸಮಾಧಾನಪಡಿಸುವ ಮಾತಾಗಿ ಬದಲಾಯಿತು. ಎರಡಕ್ಕೂ ಷರತ್ತಿನ ನಂಟಿಲ್ಲ ಎಂಬ ಸ್ಪಷ್ಟನೆ ಪ್ರಧಾನಿ ಕಚೇರಿಯಿಂದ ಮುಂದಿನ ದಿನಗಳಲ್ಲಿ ಬಂದಿತಾದರೂ, ಆಗಲೇ ಕಾಲ ಮಿಂಚಿತ್ತು.

ನಮ್ಮ ಮತದಾರರು ರಾತ್ರಿ ಪಾಳಿ ಮುಗಿಸಿ, ಆಸ್ಪತ್ರೆಯ ಸಿಬ್ಬಂದಿ ಕೋಣೆಯ ಟೀವಿಯಲ್ಲಿ ಈ ಭಾಷಣ ನೋಡಿದರು. ಗ್ಲಾಸ್ಗೊ ನಗರದಲ್ಲಿ ಶೇಕಡ 53.5 ಮಂದಿ ‘ಬೇಕು’ ಎಂದಿದ್ದರು; 32 ಆಡಳಿತ ಪ್ರದೇಶಗಳಲ್ಲಿ ಹಾಗೆ ಹೇಳಿದ ನಾಲ್ಕರಲ್ಲಿ ಅದೂ ಒಂದು. ಕೋಣೆಯಲ್ಲಿದ್ದ ಸಹೋದ್ಯೋಗಿಗಳಲ್ಲಿ ಹಲವರ ಕಣ್ಣು ಕೆಂಪಾಗಿತ್ತು. ತಾನು ಹೇಗೆ ಮತ ಹಾಕಿದೆ ಎಂದು ಅವರಿಗೆ ಹೇಳಲು ಆ ದಿನ ತನಗೆ ಬಾಯಿ ಬರಲಿಲ್ಲ ಎಂದು ಅವರು ಹೇಳುತ್ತಾರೆ. ಸ್ವಾತಂತ್ರ್ಯ ಸೋತದ್ದಕ್ಕೆ ಅವರಿಗೆ ದುಃಖವಿರಲಿಲ್ಲ. ತಮ್ಮ ಮತವನ್ನು ತಾವು ಅಂದುಕೊಂಡದ್ದಕ್ಕಿಂತ ಬೇರೆಯೇ ಉದ್ದೇಶಕ್ಕೆ ಬಳಸಲಾಯಿತು ಎಂಬ ಭಾವನೆ ಮಾತ್ರ ಆಗ ಹುಟ್ಟಿ ಮುಂದೆ ಹೋಗಲೇ ಇಲ್ಲ.

ಅಂದೇ ಮಧ್ಯಾಹ್ನ ಸ್ಯಾಮಂಡ್ ಹುದ್ದೆ ಬಿಡುವುದಾಗಿ ಘೋಷಿಸಿದರು. ಒಂದೆರಡು ದಿನದಲ್ಲೇ, ‘ಬೇಡ’ ಎಂದವರನ್ನು ಮೋಸಗೊಳಿಸಲಾಗಿದೆ ಎಂದು ಆರೋಪಿಸಿದರು. ಈ ಆರೋಪವನ್ನು ತೂಗಿ ನೋಡಲು ಒಂದು ಸಮೀಕ್ಷೆ ನೆರವಾಗುತ್ತದೆ. ಮತದಾನ ಮುಗಿದೊಡನೆ ಲಾರ್ಡ್ ಆಶ್‌ಕ್ರಾಫ್ಟ್ ನಡೆಸಿದ ಸಮೀಕ್ಷೆಯಲ್ಲಿ ‘ಬೇಡ’ ಎಂದವರ ಪೈಕಿ ಶೇಕಡ 47 ಮಂದಿ ಸ್ವಾತಂತ್ರ್ಯದ ಅಪಾಯಗಳನ್ನು ಮುಖ್ಯ ಕಾರಣವೆಂದರು, ಶೇಕಡ 27 ಮಂದಿ ಬ್ರಿಟನ್ನಿನ ಮೇಲಿನ ಅಭಿಮಾನವೆಂದರು, ಹೆಚ್ಚಿನ ಅಧಿಕಾರ ಹೇಗೂ ಸಿಗುತ್ತದೆ ಎಂಬುದನ್ನು ಮುಖ್ಯ ಕಾರಣವಾಗಿ ಕೊಟ್ಟವರು ಶೇಕಡ 25. ಫಲಿತಾಂಶವನ್ನು ವಾಗ್ದಾನವೊಂದೇ ನಿರ್ಧರಿಸಿತು ಎನ್ನಲು ಈ ಅಂಕಿಗಳು ಬಿಡುವುದಿಲ್ಲ. ಆದರೆ ನಾಲ್ಕರಲ್ಲಿ ಒಬ್ಬರು ಎಂದರೆ ಸುಮಾರು ಐದು ಲಕ್ಷ ಮಂದಿ. ಅವರೇ ಮುಂದಿನ ಚುನಾವಣೆಯಲ್ಲಿ ಯಾವ ಕಡೆಗಾದರೂ ವಾಲಬಹುದಾದ ಮಧ್ಯದ ಮತದಾರರು. ಆ ಬೆಳಗ್ಗೆ ಗೆದ್ದವರು ನೋಯಿಸಿದ್ದು ಸರಿಯಾಗಿ ಅವರನ್ನೇ.

ಮಾತು ಕಾನೂನಾದ ಬಗೆ

ಸರ್ಕಾರ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಸ್ಮಿತ್ ಸಮಿತಿಯಲ್ಲಿ ಎಸ್‌ಎನ್‌ಪಿ ಮತ್ತು ಗ್ರೀನ್ ಪಕ್ಷವೂ ಸೇರಿ ಐದು ಪಕ್ಷಗಳಿಂದ ಇಬ್ಬಿಬ್ಬರು ಕುಳಿತರು. ಸಾರ್ವಜನಿಕರಿಂದ 18,000ಕ್ಕೂ ಹೆಚ್ಚು ಸಲಹೆಗಳು ಬಂದವು. ನವೆಂಬರ್ 27ರಂದು, ಅಂದರೆ ಹೇಳಿದ ಗಡುವಿನೊಳಗೆ, ವರದಿ ಹೊರಬಂತು. ಸಂಬಳ ಮೊದಲಾದ ಗಳಿಕೆಯ ಮೇಲಿನ ಆದಾಯ ತೆರಿಗೆಯ ದರ ಮತ್ತು ಹಂತಗಳು, ಮೌಲ್ಯವರ್ಧಿತ ತೆರಿಗೆಯ ಒಂದು ಪಾಲು, ವಿಮಾನ ಪ್ರಯಾಣಿಕರ ತೆರಿಗೆ, ಅಂಗವಿಕಲರ ಮತ್ತು ಅವರನ್ನು ನೋಡಿಕೊಳ್ಳುವವರ ಭತ್ಯೆಗಳು ಎಡಿನ್‌ಬರೊಕ್ಕೆ ಬರಬೇಕೆಂದು ಅದು ಹೇಳಿತು. ಪಿಂಚಣಿ, ಕಂಪನಿ ತೆರಿಗೆ, ಕನಿಷ್ಠ ವೇತನ ಲಂಡನ್ನಿನಲ್ಲೇ ಉಳಿದವು. ಕರಡು ಮಸೂದೆ 2015ರ ಜನವರಿ 22ರಂದು, ಬರ್ನ್ಸ್ ಜನ್ಮದಿನಕ್ಕೆ ಮೂರು ದಿನ ಮೊದಲೇ ಪ್ರಕಟವಾಯಿತು. 2016ರ ಮಾರ್ಚ್ 23ರಂದು ಅದು ಕಾಯ್ದೆಯಾಯಿತು.

ವೇಗವೇ ಇಲ್ಲಿ ಒಂದು ಸಮಸ್ಯೆಯಾಯಿತು. ಎರಡೂವರೆ ತಿಂಗಳೂ ಇಲ್ಲದ ಅವಧಿಯಲ್ಲಿ ಒಂದು ದೇಶದ ತೆರಿಗೆ ಮತ್ತು ಕಲ್ಯಾಣ ವ್ಯವಸ್ಥೆಯನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಮುಚ್ಚಿದ ಕೋಣೆಯಲ್ಲಿ ಪಕ್ಷಗಳ ಚೌಕಾಶಿ ನಡೆದು ಫಲಿತಾಂಶ ಹೊರಬಂತೇ ಹೊರತು, ಎರಡು ವರ್ಷ ಊರೂರಿನ ಸಭಾಂಗಣಗಳಲ್ಲಿ ನಾಣ್ಯ, ತೈಲ, ಪಿಂಚಣಿ ಎಂದು ಚರ್ಚಿಸಿದ್ದ ಜನರಿಗೆ ಅದರಲ್ಲಿ ಪತ್ರ ಬರೆದು ಕಳಿಸುವುದಕ್ಕಿಂತ ಹೆಚ್ಚಿನ ಪಾತ್ರ ಸಿಗಲಿಲ್ಲ. ಸಮಿತಿಯಲ್ಲಿ ಕುಳಿತು ಒಪ್ಪಿಗೆ ಕೊಟ್ಟ ಎಸ್‌ಎನ್‌ಪಿಯೇ ವರದಿ ಬಂದ ದಿನ ಇದು ಸಾಲದು ಎಂದಿತು. ಆ ನಡೆಯನ್ನು ಪೂರ್ತಿ ಪ್ರಾಮಾಣಿಕ ಎನ್ನಲು ನನಗೆ ಮನಸ್ಸಾಗದು. ಆದರೂ ಅದು ಜನರಿಗೆ ಒಪ್ಪಿಗೆಯಾಯಿತು, ಏಕೆಂದರೆ ಅವರು ವರದಿಯನ್ನು ಅಳೆಯುತ್ತಿದ್ದದ್ದು ಮುಖಪುಟದ ಸಾಲುಗಳಿಂದಲ್ಲ, ‘ಒಕ್ಕೂಟಕ್ಕೆ ಹತ್ತಿರ’ ಎಂಬ ಬಾಯಿಮಾತಿನಿಂದ.

ಹೊಸ ಕಾಯ್ದೆಯ ಮೊದಲ ಭಾಗದಲ್ಲಿ, ಸ್ಕಾಟಿಷ್ ಸಂಸತ್ತು ಬ್ರಿಟನ್ನಿನ ವ್ಯವಸ್ಥೆಯ ಶಾಶ್ವತ ಅಂಗ, ಸ್ಕಾಟ್ಲೆಂಡಿನ ಜನರ ಮತ ಪಡೆಯದೆ ಅದನ್ನು ರದ್ದುಗೊಳಿಸುವಂತಿಲ್ಲ ಎಂದು ಬರೆಯಲಾಯಿತು. ಸ್ಕಾಟ್ಲೆಂಡಿಗೆ ಬಿಟ್ಟುಕೊಟ್ಟ ವಿಷಯಗಳಲ್ಲಿ ಅದರ ಸಮ್ಮತಿಯಿಲ್ಲದೆ ವೆಸ್ಟ್‌ಮಿನ್‌ಸ್ಟರ್ ‘ಸಾಮಾನ್ಯವಾಗಿ’ ಕಾನೂನು ಮಾಡುವುದಿಲ್ಲ ಎಂಬ ಸಂಪ್ರದಾಯವೂ ಕಾಯ್ದೆಯ ಒಳಗೆ ಬಂತು. ಒಂದು ವರ್ಷ ತುಂಬುವ ಮೊದಲೇ, 2017ರ ಜನವರಿಯಲ್ಲಿ, ಐರೋಪ್ಯ ಒಕ್ಕೂಟದಿಂದ ಹೊರಬರುವ ವಿಷಯದ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಈ ಎರಡನೆಯ ಮಾತನ್ನು ಪರಿಶೀಲಿಸಿತು. ಅದು ರಾಜಕೀಯ ಸಂಪ್ರದಾಯವಾಗಿಯೇ ಉಳಿದಿದೆ, ನ್ಯಾಯಾಲಯ ಜಾರಿಗೊಳಿಸಬಲ್ಲ ನಿಯಮವಲ್ಲ ಎಂದು ತೀರ್ಪು ಬಂತು. ಕೊಟ್ಟ ಮಾತು ಕಾನೂನಿನ ಪುಸ್ತಕ ಸೇರಿಯೂ ಬರೀ ಮಾತಾಗಿಯೇ ಉಳಿಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ.

ಪ್ರತಿಕ್ರಿಯೆ

ಸುಮಾರು 25,000 ಇದ್ದ ಎಸ್‌ಎನ್‌ಪಿ ಸದಸ್ಯರ ಸಂಖ್ಯೆ ಸೋಲಿನ ನಂತರದ ಕೆಲವೇ ವಾರಗಳಲ್ಲಿ ಮೂರು ಪಟ್ಟಾಗಿ, 2015ರ ವಸಂತದ ಹೊತ್ತಿಗೆ ಒಂದು ಲಕ್ಷ ದಾಟಿತು. ನವೆಂಬರ್‌ನಲ್ಲಿ ನಿಕೋಲಾ ಸ್ಟರ್ಜನ್ ಫಸ್ಟ್ ಮಿನಿಸ್ಟರ್ ಆದರು. 2015ರ ಮೇ 7ರ ಮಹಾಚುನಾವಣೆಯಲ್ಲಿ ನಮ್ಮ ಮತದಾರರು ಎಸ್‌ಎನ್‌ಪಿಗೆ ಮತ ಹಾಕಿದರು. ಸ್ವಾತಂತ್ರ್ಯದ ಬಗ್ಗೆ ತಮ್ಮ ಅಭಿಪ್ರಾಯ ಬದಲಾಗಿರಲಿಲ್ಲ, ಮಾತು ಕೊಟ್ಟವರು ಮಾತು ನಡೆಸುವಂತೆ ಲಂಡನ್ನಿನಲ್ಲಿ ಕುಳಿತು ನೋಡಿಕೊಳ್ಳುವವರು ಬೇಕಾಗಿತ್ತು ಎಂಬುದು ಅವರ ವಿವರಣೆ. ಪಕ್ಷ ಸ್ಕಾಟ್ಲೆಂಡಿನ ಅರ್ಧದಷ್ಟು ಮತಗಳನ್ನು ಪಡೆಯಿತು. ಎಂಟು ತಿಂಗಳ ಹಿಂದೆ ‘ಬೇಕು’ ಎಂದವರ ಶೇಕಡ 45ಕ್ಕಿಂತ ಇದು ಹೆಚ್ಚು; ನಮ್ಮ ಮತದಾರರಂತೆ ಯೋಚಿಸಿದವರು ಇನ್ನೂ ಇದ್ದರು ಎಂದೇ ಇದರ ಅರ್ಥ.

ಎರಡನೆಯ ಪೆಟ್ಟು ಬಿದ್ದದ್ದು 2016ರ ಜೂನ್ 23ರಂದು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ ಎಂಬ ಪ್ರಶ್ನೆಗೆ ಸ್ಕಾಟ್ಲೆಂಡಿನ ಶೇಕಡ 62 ಮಂದಿ ಉಳಿಯಬೇಕೆಂದರು, ಇಡೀ ಬ್ರಿಟನ್ ಹೊರಬರಬೇಕೆಂದಿತು. ಐರೋಪ್ಯ ಒಕ್ಕೂಟದಲ್ಲಿನ ಸ್ಥಾನ ಭದ್ರವಾಗಿರಬೇಕಾದರೆ ಬ್ರಿಟನ್ನಿನ ಜೊತೆಗಿರಿ ಎಂಬುದು 2014ರಲ್ಲಿ ‘ಬೇಡ’ ಪಾಳೆಯದ ದೊಡ್ಡ ವಾದಗಳಲ್ಲಿ ಒಂದಾಗಿತ್ತು. ಇದು ಮುಖಪುಟದಲ್ಲಿ ಸಹಿಯಾದ ಮಾತಲ್ಲ. ಆದರೆ ನಮ್ಮ ಮತದಾರರ ಪತಿ ‘ಬೇಡ’ ಎಂದದ್ದರಲ್ಲಿ ಇದಕ್ಕೂ ಪಾಲಿತ್ತು. ಲೆಕ್ಕಪತ್ರದವರಾದ ಅವರು ಅಲ್ಲಿಯವರೆಗೆ ಪತ್ನಿಯ ಬೇಸರವನ್ನು ಅತಿಯೆಂದೇ ಭಾವಿಸಿದ್ದರು. ಅಂದಿನಿಂದ ಹಾಗೆನ್ನುವುದನ್ನು ಬಿಟ್ಟರು.

ಇನ್ನೊಂದು ಪಾಳೆಯದ ಮಾತುಗಳನ್ನೂ ಇದೇ ಕಟ್ಟುನಿಟ್ಟಿನಿಂದ ನೋಡಬೇಕು, ಇಲ್ಲದಿದ್ದರೆ ಪ್ರಕರಣ ಏಕಮುಖವಾಗುತ್ತದೆ. ಸ್ಕಾಟಿಷ್ ಸರ್ಕಾರ 2013ರ ನವೆಂಬರ್‌ನಲ್ಲಿ ಹೊರತಂದ ಶ್ವೇತಪತ್ರ ಕಚ್ಚಾತೈಲದ ಬೆಲೆಯನ್ನು ಬ್ಯಾರೆಲ್‌ಗೆ 110 ಡಾಲರ್ ಎಂದು ಇಟ್ಟುಕೊಂಡು ಆದಾಯದ ಅಂದಾಜು ಮಾಡಿತ್ತು. 2016ರ ಜನವರಿಯಲ್ಲಿ ಬೆಲೆ 30 ಡಾಲರಿಗಿಂತ ಕೆಳಗಿಳಿಯಿತು. ‘ಬೇಕು’ ಗೆದ್ದಿದ್ದರೆ, ಅದರ ನಾಯಕರು ಸ್ವಾತಂತ್ರ್ಯ ದಿನವೆಂದು ಗುರುತಿಸಿದ್ದ 2016ರ ಮಾರ್ಚ್ ತಿಂಗಳಲ್ಲೇ ಹೊಸ ದೇಶದ ಆಯವ್ಯಯ ಆ ಅಂದಾಜಿನೆದುರು ನಿಂತು ಉತ್ತರ ಹೇಳಬೇಕಾಗುತ್ತಿತ್ತು. ಸೋತವರ ವಾಗ್ದಾನಗಳಿಗೆ ಪರೀಕ್ಷೆ ನಡೆಯುವುದೇ ಇಲ್ಲ; ಗೆದ್ದವರು ಮಾತ್ರ ಉತ್ತರ ಹೇಳಬೇಕಾಗುತ್ತದೆ. 2014ರ ನಂತರದ ಸಿಟ್ಟೆಲ್ಲ ಒಂದೇ ಕಡೆ ಹರಿದದ್ದಕ್ಕೆ ಇದೂ ಒಂದು ಕಾರಣ, ಮತ್ತು ಎಸ್‌ಎನ್‌ಪಿ ಅದರ ಲಾಭವನ್ನು ಧಾರಾಳವಾಗಿ ಪಡೆಯಿತು.

ಪ್ರಕರಣ ಏನನ್ನು ತೋರಿಸುತ್ತದೆ

ಹೆಚ್ಚಿನ ಅಧಿಕಾರ ಎಂಬ ಮೂರನೆಯ ಆಯ್ಕೆಯನ್ನು 2012ರಲ್ಲಿ ಮತಪತ್ರದಲ್ಲೇ ಸೇರಿಸಿದ್ದರೆ, ಅದಕ್ಕೆ ಒಂದು ನಿರ್ದಿಷ್ಟ ರೂಪ ಕೊಡಲೇಬೇಕಾಗುತ್ತಿತ್ತು. ಯಾವ ತೆರಿಗೆ, ಯಾವ ಭತ್ಯೆ ಎಂದು ಎರಡು ವರ್ಷ ಚರ್ಚೆಯಾಗುತ್ತಿತ್ತು. ಅದಕ್ಕೆ ಬಿದ್ದ ಮತಗಳನ್ನು ಎಣಿಸಿ, ಇಷ್ಟು ಜನ ಇದನ್ನು ಕೇಳಿದ್ದಾರೆ ಎಂದು ಹೇಳಬಹುದಿತ್ತು. ಆಯ್ಕೆಯಾಗಿ ನಿರಾಕರಿಸಿದ್ದನ್ನೇ ಕೊನೆಯ ವಾರದಲ್ಲಿ ವಾಗ್ದಾನವಾಗಿ ಕೊಟ್ಟದ್ದರಿಂದ, ಅದಕ್ಕೆ ರೂಪವೂ ಬರಲಿಲ್ಲ, ಎಣಿಕೆಯೂ ಆಗಲಿಲ್ಲ. ಸರ್ಕಾರ ಎಷ್ಟು ಕೊಟ್ಟರೂ, ಇಷ್ಟೇ ಕೇಳಿದ್ದು ಎಂದು ತೋರಿಸಲು ಅದರ ಬಳಿ ಏನೂ ಇರಲಿಲ್ಲ. ಇಷ್ಟು ಸಿಗಬೇಕಿತ್ತು ಎಂದು ತೋರಿಸಲು ಜನರ ಬಳಿಯೂ ಏನೂ ಇರಲಿಲ್ಲ. ಇಬ್ಬರೂ ಪ್ರಾಮಾಣಿಕವಾಗಿಯೇ ತಮ್ಮದೇ ಸರಿ ಎಂದುಕೊಂಡರು. ನಾನು ಈ ಪ್ರಕರಣವನ್ನು ಮೋಸ ಎನ್ನದಿರುವುದು ಈ ಕಾರಣಕ್ಕೆ. ಇದನ್ನು ಕೇವಲ ಅಪಾರ್ಥ ಎಂದು ತಳ್ಳಿಹಾಕದಿರುವುದು ಸೆಪ್ಟೆಂಬರ್ 19ರ ಭಾಷಣದ ಕಾರಣಕ್ಕೆ.

ಬಂದ ಅಧಿಕಾರಗಳು ಪೊಳ್ಳಾಗಿರಲಿಲ್ಲ ಎಂಬುದನ್ನೂ ದಾಖಲಿಸಬೇಕು. 2018ರ ಏಪ್ರಿಲ್‌ನಿಂದ ಸ್ಕಾಟ್ಲೆಂಡ್ ತನ್ನದೇ ಐದು ಹಂತಗಳ ಆದಾಯ ತೆರಿಗೆ ಜಾರಿಗೆ ತಂದಿತು. ಬಡ ಕುಟುಂಬಗಳ ಮಕ್ಕಳಿಗೆ ಕೊಡುವ ವಾರದ ನೆರವು 2021ರಲ್ಲಿ 10 ಪೌಂಡಿನಿಂದ ಶುರುವಾಗಿ 2022ರ ಕೊನೆಯ ಹೊತ್ತಿಗೆ 25 ಪೌಂಡ್ ಆಯಿತು. ವಾರ್ಡಿಗೆ ಬರುವ ತಾಯಂದಿರ ಕೈಗೆ ಆ ಹಣ ಸೇರುವುದನ್ನು ಕಂಡ ನಮ್ಮ ಮತದಾರರಿಗೆ, ಅದರ ಬೇರು ತಾವು ನಂಬದೆ ಹೋದ 2016ರ ಕಾಯ್ದೆಯಲ್ಲಿದೆ ಎಂದು ನಾನು ಹೇಳಿದ ಮೇಲೆಯೇ ತಿಳಿದದ್ದು. ಮುರಿದ ಮಾತು ಎಂದು ಒಮ್ಮೆ ಹೆಸರಾದರೆ, ಆಮೇಲೆ ಕೊಟ್ಟದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೌಲ್ಯವರ್ಧಿತ ತೆರಿಗೆಯ ಪಾಲಿನ ವಿಷಯ ಮಾತ್ರ ಲೆಕ್ಕ ಹಾಕುವ ವಿಧಾನದ ತಕರಾರಿನಲ್ಲಿ ಸಿಕ್ಕಿ ಮುಂದಕ್ಕೆ ಹೋಗುತ್ತಲೇ ಬಂದಿದೆ. ಇನ್ನು ಅಷ್ಟೆಲ್ಲ ಅವಸರದಿಂದ ಮುಂದಿಟ್ಟ ಇಂಗ್ಲೆಂಡಿನ ಸದಸ್ಯರ ವಿಶೇಷ ಮತದ ನಿಯಮವು 2015ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದು, 2021ರ ಜುಲೈಯಲ್ಲಿ ರದ್ದಾಯಿತು. ನಂಬಿಕೆಯನ್ನು ತೆತ್ತು ಕೊಂಡ ವಸ್ತು ಆರು ವರ್ಷವೂ ಬಾಳಲಿಲ್ಲ.

ಬರೆಯದೆ ಬಿಟ್ಟ ಇನ್ನೊಂದು ಮಾತು ಇಂದಿಗೂ ಎಳೆದಾಟದಲ್ಲಿದೆ. ಇದು ಒಂದು ತಲೆಮಾರಿಗೆ ಒಮ್ಮೆ ಬರುವ ಅವಕಾಶ ಎಂದು ಸ್ಯಾಮಂಡ್ ಪ್ರಚಾರದಲ್ಲಿ ಹೇಳಿದ್ದರು. ಅದನ್ನು ಲಂಡನ್ ವಾಗ್ದಾನವೆಂದು ಓದುತ್ತದೆ, ಎಸ್‌ಎನ್‌ಪಿ ಪ್ರಚಾರದ ಮಾತೆಂದು ಓದುತ್ತದೆ. 2012ರ ಒಪ್ಪಂದದಲ್ಲಿ ಅದಕ್ಕೆ ಜಾಗವೇ ಸಿಕ್ಕಿರಲಿಲ್ಲ. ಲಂಡನ್ನಿನ ಒಪ್ಪಿಗೆಯಿಲ್ಲದೆ ಇನ್ನೊಂದು ಜನಮತಗಣನೆಗೆ ಕಾನೂನು ಮಾಡುವ ಅಧಿಕಾರ ಸ್ಕಾಟಿಷ್ ಸಂಸತ್ತಿಗಿಲ್ಲ ಎಂದು 2022ರ ನವೆಂಬರ್ 23ರಂದು ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈ ಚುನಾವಣೆಯಲ್ಲಿ ಎಸ್‌ಎನ್‌ಪಿ ಒಂಬತ್ತು ಸ್ಥಾನಕ್ಕೆ ಇಳಿದು ಲೇಬರ್ 37 ಗೆದ್ದಿತು. ಅದೇ ಬ್ರಿಟನ್ನಿನ ಉತ್ತರ ಐರ್ಲೆಂಡಿನ ವಿಷಯದಲ್ಲಿ 1998ರ ಕಾಯ್ದೆ, ಐರ್ಲೆಂಡ್ ಗಣರಾಜ್ಯದೊಂದಿಗೆ ಒಂದಾಗಬೇಕೇ ಎಂದು ಕೇಳುವ ಒಂದು ಗಡಿ ಜನಮತಗಣನೆಗೂ ಮುಂದಿನದಕ್ಕೂ ನಡುವೆ ಕನಿಷ್ಠ ಏಳು ವರ್ಷ ಇರಬೇಕೆಂದು ಅಂಕೆಯಲ್ಲಿ ಬರೆದಿದೆ, ಬಹುಮತ ಏಕೀಕರಣದ ಪರವಾಗಿ ಇರಬಹುದೆಂದು ಕಂಡರೆ ಸಚಿವರು ಅದನ್ನು ನಡೆಸಬೇಕೆಂದೂ ಹೇಳಿದೆ. ಸ್ಕಾಟ್ಲೆಂಡಿನ ಪ್ರಶ್ನೆಯನ್ನು ಮತ್ತೆ ಯಾವಾಗ ಕೇಳಬಹುದು, ಅದನ್ನು ಯಾರು ತೀರ್ಮಾನಿಸಬೇಕು ಎಂಬುದಕ್ಕೆ ಅಂಥ ಒಂದು ಸಾಲನ್ನೂ ಇದುವರೆಗೆ ಯಾವ ಕಾಯ್ದೆಯಲ್ಲಿಯೂ ಸೇರಿಸಿಲ್ಲ.